ಆ ಕಡೆಯಿಂದ ಮಾತಾಡೋರು ಯಾರು?

2018ರಲ್ಲಿ ಘಾನಾದ ಒಬ್ಬ ಮೇಷ್ಟ್ರ ಫೋಟೋ ಫೇಸ್‌ಬುಕ್ ತುಂಬಾ ಓಡಾಡಿತ್ತು, ನೆನಪಿದೆಯಾ? ರಿಚರ್ಡ್ ಅಪ್ಪಿಯಾ ಅಕೊಟೊ ಅಂತ ಅವರ ಹೆಸರು. ಶಾಲೆಯಲ್ಲಿ ಮಕ್ಕಳಿಗೆ ಅಂತ ಒಂದು ಕಂಪ್ಯೂಟರ್ ಇಲ್ಲ, ಆದರೆ ಪಬ್ಲಿಕ್ ಪರೀಕ್ಷೆಯಲ್ಲಿ ಆ ಮಕ್ಕಳು ಕಂಪ್ಯೂಟರ್ ಪೇಪರ್ ಬರೆಯಲೇಬೇಕು. ಸರಿ, ಇವರು ಮೈಕ್ರೋಸಾಫ್ಟ್ ವರ್ಡ್‌ನ ಇಡೀ ಸ್ಕ್ರೀನನ್ನು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡ್ ಮೇಲೆ ಬಿಡಿಸಿಬಿಟ್ಟರು. ಮೇಲೆ ಮೆನು, ಅದರ ಕೆಳಗೆ ಪುಟ್ಟಪುಟ್ಟ ಬಟನ್‌ಗಳು, ನಡುವೆ ಖಾಲಿ ಹಾಳೆ. ಎಲ್ಲರೂ ಹೊಗಳಿದರು, ಮೈಕ್ರೋಸಾಫ್ಟ್ ಅವರನ್ನು ಸಿಂಗಾಪುರಕ್ಕೂ ಕರೆಸಿತು. ನನಗೆ ಮಾತ್ರ ಮೊದಲು ಬಂದಿದ್ದು ಸಿಟ್ಟು. ಪರೀಕ್ಷೆ ಇಟ್ಟವರಿಗೆ ಕಂಪ್ಯೂಟರ್ ಕೊಡಬೇಕು ಅನ್ನೋದು ಹೊಳೀಲಿಲ್ವಾ?

ಹಾಗಂತ ಕಂಪ್ಯೂಟರ್ ಕಳಿಸಿಬಿಟ್ಟರೆ ಕೆಲಸ ಮುಗೀತು ಅಂತಲೂ ಅಲ್ಲ. ರುವಾಂಡಾದಲ್ಲಿ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯಲ್ಲಿ 2 ಲಕ್ಷಕ್ಕೂ ಜಾಸ್ತಿ ಲ್ಯಾಪ್‌ಟಾಪ್ ಹಂಚಿದರು. ಆಮೇಲೆ ಅದನ್ನು ಬಿಟ್ಟು ಸ್ಮಾರ್ಟ್ ಕ್ಲಾಸ್‌ರೂಮ್ ಕಡೆ ತಿರುಗಿದರು. ಕೀನ್ಯಾದಲ್ಲಿ 2013ರ ಚುನಾವಣೆ ಹೊತ್ತಿಗೆ ಒಂದನೇ ಕ್ಲಾಸಿನವರಿಗೆಲ್ಲ ಲ್ಯಾಪ್‌ಟಾಪ್ ಅಂತ ಭರವಸೆ ಕೊಟ್ಟರು. ಟೆಂಡರ್ ಜಗಳ ಎಲ್ಲ ಮುಗಿದು 2016ರಲ್ಲಿ ಬಂದಿದ್ದು ಟ್ಯಾಬ್ಲೆಟ್. ಅದಕ್ಕೂ ಮೊದಲು ಎಷ್ಟೋ ಶಾಲೆಗಳಿಗೆ ಕರೆಂಟ್ ಎಳೀಬೇಕಾಯ್ತು.

ನನ್ನನ್ನು ಜಾಸ್ತಿ ಕಾಡೋದು ಇಥಿಯೋಪಿಯಾದ ಕಥೆ. 2004ರ ಹೊತ್ತಿಗೆ ಅಲ್ಲಿನ ಹೈಸ್ಕೂಲುಗಳಿಗೆ ಪ್ಲಾಸ್ಮಾ ಟಿವಿ ಬಂದವು. ಪಾಠ ತಯಾರಾಗಿದ್ದು ದಕ್ಷಿಣ ಆಫ್ರಿಕಾದಲ್ಲಿ, ಅದೂ ಇಂಗ್ಲಿಷಿನಲ್ಲಿ, ಉಪಗ್ರಹದ ಮೂಲಕ ಎಲ್ಲ ಶಾಲೆಗೂ ಒಂದೇ ಹೊತ್ತಿಗೆ ಪ್ರಸಾರ. ಪೀರಿಯಡ್ಡಿನ ಮುಕ್ಕಾಲು ಪಾಲು ಟಿವಿಗೇ ಹೋಗುತ್ತಿತ್ತು. ಅರ್ಥ ಆಗಲಿಲ್ಲ ಅಂತ ಮಗು ಕೈ ಎತ್ತಿದರೆ ಟಿವಿ ನಿಲ್ಲುತ್ತಾ? ಪಕ್ಕದಲ್ಲಿ ನಿಂತ ಮೇಷ್ಟ್ರಿಗೂ ಅದನ್ನು ತಡೆದು ನಿಲ್ಲಿಸೋಕೆ ಆಗುತ್ತಿರಲಿಲ್ಲ. ಕರೆಂಟ್ ಹೋದರೆ ಆವತ್ತಿನ ಪಾಠವೂ ಹೋಯ್ತು. ಇಷ್ಟೆಲ್ಲ ದುಡ್ಡು ಸುರಿದು ಪಾಠ ಮಾಡಬೇಕಾದವರನ್ನೇ ಸುಮ್ನೆ ನಿಲ್ಲಿಸಿದ ಹಾಗಾಯ್ತು.

ಈಗ ಬೋಟ್ಸ್‌ವಾನಾಗೆ ಬನ್ನಿ. 2020, ಕೋವಿಡ್, ಶಾಲೆ ಬಂದ್. ಸಹಾರಾದ ದಕ್ಷಿಣಕ್ಕಿರುವ ದೇಶಗಳಲ್ಲಿ 100ಕ್ಕೆ 82 ಮಕ್ಕಳ ಮನೆಯಲ್ಲಿ ಇಂಟರ್‌ನೆಟ್ ಇಲ್ಲ ಅಂತ ಯುನೆಸ್ಕೋ ಆಗ ಹೇಳಿತ್ತು, ಹಾಗಿರುವಾಗ ಆನ್‌ಲೈನ್ ಕ್ಲಾಸ್ ಮಾತೆಲ್ಲಿ ಬಂತು? ಯಂಗ್ ಲವ್ ಅನ್ನೋ ಸಂಸ್ಥೆಯವರು ಸಾದಾ ಫೋನ್ ಹಿಡಿದರು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ನಾಲ್ಕಾರು ಲೆಕ್ಕ ಕಳಿಸಿದರು. ಇನ್ನು ಕೆಲವು ಮನೆಗಳಿಗೆ ಎಸ್‌ಎಂಎಸ್ ಜೊತೆಗೆ ಒಂದು ಕಾಲ್ ಕೂಡ. ಅಪ್ಪನೋ ಅಮ್ಮನೋ ಫೋನ್ ಎತ್ತಿ ಸ್ಪೀಕರ್‌ಗೆ ಹಾಕ್ತಾರೆ, ಮಗು ಪಕ್ಕದಲ್ಲಿ ಕೂರುತ್ತೆ, ಆ ಕಡೆಯವರು ಇಪ್ಪತ್ತು ನಿಮಿಷ ಲೆಕ್ಕ ಮಾಡಿಸ್ತಾರೆ. ಬರೀ ಎಸ್‌ಎಂಎಸ್ ಹೋದ ಮನೆಗಳಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಕಾಲ್ ಹೋದ ಮಕ್ಕಳು ಕಲಿತರು. ಖರ್ಚು ನೋಡಿದರೆ ಟ್ಯಾಬ್ಲೆಟ್ ಕೊಂಡು ಹಂಚುವುದಕ್ಕಿಂತ ಎಷ್ಟೋ ಕಡಿಮೆ.

ಜಾಂಬಿಯಾದಲ್ಲಂತೂ 2000ರಲ್ಲೇ ರೇಡಿಯೋ ಪಾಠ ಶುರು ಮಾಡಿದ್ದರು, ಶಾಲೆಯ ಮುಖ ನೋಡದ ಮಕ್ಕಳಿಗೆ. ಕೆಲವು ಕಡೆ ಕೈಯಲ್ಲಿ ತಿರುಗಿಸಿ ಚಾರ್ಜ್ ಮಾಡುವ ರೇಡಿಯೋ. ರೇಡಿಯೋ ಒಂದು ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಾಗುತ್ತೆ, ಮಕ್ಕಳು ಒಟ್ಟಿಗೆ ಕೂಗಿ ಉತ್ತರ ಹೇಳ್ತಾರೆ. ಎದುರಿಗೆ ಊರಿನವರೇ ಒಬ್ಬರು ನಿಂತು ನಡೆಸಿಕೊಡ್ತಾರೆ. ಟಿವಿಯಂತೆ ರೇಡಿಯೋ ಕೂಡ ಒಮ್ಮುಖವೇ, ಆದರೆ ಆ ಮೌನವನ್ನು ಯಾರೋ ಯೋಚನೆ ಮಾಡಿ ಅಲ್ಲಿ ಇಟ್ಟಿದ್ದಾರೆ ನೋಡಿ!

ಅಂದರೆ ಟ್ಯಾಬ್ಲೆಟ್ಟೇ ದಂಡ ಅಂತೀನಾ? ಇಲ್ಲ. ತಾಂಜಾನಿಯಾದ ಹಳ್ಳಿಗಳಲ್ಲಿ ಶಾಲೆಯನ್ನೇ ಸರಿಯಾಗಿ ಕಾಣದ ಸಾವಿರಾರು ಮಕ್ಕಳಿಗೆ ಸ್ವಾಹಿಲಿಯಲ್ಲಿ ಓದು, ಲೆಕ್ಕ ಕಲಿಸುವ ಟ್ಯಾಬ್ಲೆಟ್ ಕೊಟ್ಟು ನೋಡಿದರು, ಅಂಥ ಸಾಫ್ಟ್‌ವೇರ್ ಯಾರು ಚೆನ್ನಾಗಿ ಮಾಡ್ತಾರೆ ಅನ್ನೋ ಸ್ಪರ್ಧೆ ಅದು. ಮಕ್ಕಳು ಮೇಷ್ಟ್ರಿಲ್ಲದೆಯೂ ಅಷ್ಟಿಷ್ಟು ಕಲಿತರು. 2019ರಲ್ಲಿ ಆ ಸ್ಪರ್ಧೆಯ ಬಹುಮಾನ ಹಂಚಿಕೊಂಡ ಎರಡು ತಂಡಗಳಲ್ಲಿ ಒಂದರ ಸಾಫ್ಟ್‌ವೇರ್ ಮಲಾವಿಯ ಶಾಲೆಗಳಲ್ಲಿದೆ, ಅಲ್ಲಿ ಅದು ಅಲ್ಲಿನ ಭಾಷೆ ಚಿಚೇವಾದಲ್ಲಿ ಮಾತಾಡುತ್ತೆ, ಚಾರ್ಜ್ ಆಗೋದು ಸೋಲಾರ್‌ನಿಂದ. ಕಲಿಸೋಕೆ ಒಬ್ಬ ಮನುಷ್ಯ ಬೇಕು ಅನ್ನೋ ನನ್ನ ವಾದಕ್ಕೆ ಇದು ಸ್ವಲ್ಪ ಅಡ್ಡ ಬರುತ್ತೆ, ಒಪ್ಕೋತೀನಿ. ಆದರೂ ಗಮನಿಸಿ, ಇಲ್ಲಿ ಟ್ಯಾಬ್ಲೆಟ್ ಮಗುವಿನ ಮನೆಮಾತಲ್ಲಿ ಮಾತಾಡುತ್ತೆ, ತಪ್ಪು ಉತ್ತರ ಒತ್ತಿದರೆ ಮುಂದೆ ಓಡದೆ ಕಾಯುತ್ತೆ. ಇಥಿಯೋಪಿಯಾದ ಆ ದುಬಾರಿ ಟಿವಿ ಇವೆರಡರಲ್ಲಿ ಒಂದನ್ನೂ ಮಾಡಲಿಲ್ಲ.