ಐದು ಗಂಟೆಯೊಳಗೆ ಸಹಿ
ಹಾಳೆ ಅಂಟಿಸಿದ್ದು ಸೋಮವಾರ, ಸಹಿ ಹಾಕಲು ಕೊನೆಯ ಗಡುವು ಶನಿವಾರ ಸಂಜೆ ಐದು. ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ಯೋಜನೆ! ಸರ್ವಿಸ್‌ನ ಪ್ರತಿ ವರ್ಷಕ್ಕೆ ಎರಡು ತಿಂಗಳ ಸಂಬಳ. 'ಸ್ವಯಂ' ಎಂದು ಬರೆದಿದ್ದರೂ ನಮ್ಮ ಸೂಪರ್‌ವೈಸರ್ ದಿನಕ್ಕೆರಡು ಸಲ ಬಂದು, "ಏನು ವಿಚಾರ ಮಾಡಿದ್ರಿ?" ಅಂತ ಕೇಳುತ್ತಿದ್ದರು.

ನನಗೆ 52. ಪುಣೆ ಪಕ್ಕದ ಪಿಂಪ್ರಿಯ ಈ ಕಾರ್ಖಾನೆಯಲ್ಲಿ ಗೇರ್ ಕಟಿಂಗ್ ಮಷೀನಿನ ಮುಂದೆ 28 ವರ್ಷ ನಿಂತಿದ್ದೇನೆ. ಇಂಡಿಯಿಂದ ಬಂದಾಗ ಹರಕು ಮುರುಕು ಮರಾಠಿ. ಈಗ ಸಿಟ್ಟು ಬಂದರೆ ಬೈಗುಳವೆಲ್ಲ ಮರಾಠಿಯಲ್ಲೇ ಬರುತ್ತದೆ.

ಪಕ್ಕದ ಮಷೀನಿನ ಜಮಖಂಡಿ ದೋಸ್ತ ಬುಧವಾರವೇ ಸಹಿ ಹಾಕಿದ. "ಈ ಕ್ಯಾಂಟೀನ್ ಊಟದಿಂದ ಪಾರಾದ್ರ ಸಾಕಪ್ಪಾ" ಅಂದ. ನಾನು ಮಾತ್ರ ರಾತ್ರಿ ಮಗಳ ನೋಟ್‌ಬುಕ್ ಹಿಡಿದು ಕೂತೆ.

ಬೇಸಿಕ್, ಡಿಎ ಸೇರಿ 42 ಸಾವಿರ. ಎರಡು ತಿಂಗಳಂತೆ 28 ವರ್ಷಕ್ಕೆ 23.52 ಲಕ್ಷ. ಅದರಲ್ಲಿ 5 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದದ್ದು ಆ ವರ್ಷದ ಸಂಬಳದ ಜೊತೆ ಸೇರುತ್ತದೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ 42 ಸಾವಿರ ಭಾಗಿಸು 26, ಗುಣಿಸು 15, ಗುಣಿಸು 28. ಹತ್ತಿರ ಹತ್ತಿರ 6.78 ಲಕ್ಷ. ತೆರಿಗೆ ಕಳೆದು ಎಲ್ಲ ಸೇರಿ ಕೈಗೆ 26 ಲಕ್ಷ ಅಂತಿಟ್ಟುಕೊಂಡೆ. ಶೇ. 7ರ ಬಡ್ಡಿ ಸಿಕ್ಕರೆ ತಿಂಗಳಿಗೆ 15 ಸಾವಿರ. ಪಿಎಫ್ ಇದೆ, ಅದು ಮಗಳ ಮದುವೆಗೆ. ಪಿಎಫ್‌ನವರ ಪಿಂಚಣಿ 58ಕ್ಕೆ ನಾಲ್ಕು ಸಾವಿರ ಚಿಲ್ಲರೆ. 50 ದಾಟಿದವರು ಮೊದಲೇ ತಗೋಬಹುದು, ಆದರೆ ಒಂದೊಂದು ವರ್ಷಕ್ಕೂ ಶೇ. 4 ಕಡಿತ. ಅದನ್ನು ನೋಡಿ ನಗು ಬಂತು.

ಊರಲ್ಲಿ ಎರಡು ಎಕರೆ ನಿಂಬೆ ಇದೆ, ತಮ್ಮ ನೋಡಿಕೊಳ್ಳುತ್ತಾನೆ. ಫೋನ್ ಮಾಡಿದೆ. "ಬಾ ಅಣ್ಣಾ, ಆದ್ರ ರೊಕ್ಕದ ಆಸೆಕ್ಕ ಬರಬ್ಯಾಡ. ಬ್ಯಾಸಿಗ್ಯಾಗ ರೇಟ್ ಇರ್ತದ, ಗಿಡದಾಗ ಕಾಯಿ ಇರಂಗಿಲ್ಲ. ಮಳಿಗಾಲದಾಗ ಕಾಯಿ ಇರ್ತದ, ರೇಟ್ ಇರಂಗಿಲ್ಲ" ಅಂದ.

ನನ್ನವಳದು ಬೇರೆಯೇ ಲೆಕ್ಕ. "ಈ ಒಂದ್ ರೂಮಿನ ಮನ್ಯಾಗ ನೀವೂ ಇಡೀ ದಿನ ಕುಂತ್ರ ಜಗಳಾಡಾಕೂ ಜಾಗಾ ಸಾಲೂದಿಲ್ಲ." ನಿಗಡಿಯ ನಮ್ಮ ಫ್ಲ್ಯಾಟ್ ನೋಡಿದವರು ಇದನ್ನು ಒಪ್ಪುತ್ತಾರೆ.

ಇಷ್ಟಾದರೂ ನಾನು ಸಹಿ ಹಾಕುವವನೇ ಇದ್ದೆ. ಸುಳ್ಳು ಯಾಕೆ, ಬೆಳಿಗ್ಗೆ ಐದಕ್ಕೆ ಏಳುವುದು ಸಾಕಾಗಿತ್ತು. ಮಂಡಿಯೂ ನೋಯುತ್ತಿತ್ತು. ಶುಕ್ರವಾರ ಅವ್ವನ ಔಷಧಿ ಚೀಟಿ ಹುಡುಕುವಾಗ ಕಂಪನಿಯ ಆರೋಗ್ಯ ವಿಮೆಯ ಮೆಡಿಕ್ಲೇಮ್ ಕಾರ್ಡ್ ಕೈಗೆ ಬಂತು. ಅವ್ವನಿಗೆ 76. ಸಕ್ಕರೆ ಕಾಯಿಲೆ, ಎದೆಯಲ್ಲಿ ಸ್ಟೆಂಟ್. ಕಾರ್ಡಿನಲ್ಲಿ ಅವಳ ಹೆಸರಿದೆ. ನಾನು ಬಿಟ್ಟ ದಿನ ಅದೂ ಹೋಗುತ್ತದೆ. ಹೊರಗೆ ಹೊಸ ಪಾಲಿಸಿ ಕೊಡುತ್ತಾರೆ, 65 ವಯಸ್ಸಿನ ಮಿತಿ 2024ರಲ್ಲಿ ಹೋಯಿತು. ಆದರೆ ಹಳೇ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಪ್ರೀಮಿಯಂ ಕೇಳಿ ಫೋನ್ ಇಟ್ಟುಬಿಟ್ಟೆ. 70 ದಾಟಿದವರಿಗೆ ಸರ್ಕಾರದ ಆಯುಷ್ಮಾನ್ ಕಾರ್ಡ್ ಇದೆ, 5 ಲಕ್ಷದ್ದು. ಅವ್ವನನ್ನು ನೋಡುವ ಡಾಕ್ಟರರ ಆಸ್ಪತ್ರೆ ಆ ಪಟ್ಟಿಯಲ್ಲಿ ಇರಲಿಲ್ಲ. ಇದನ್ನೆಲ್ಲ ಸೋಮವಾರವೇ ಯೋಚಿಸಬೇಕಿತ್ತು, ಅಲ್ವಾ? ನಾನು ಬಡ್ಡಿ ಲೆಕ್ಕದಲ್ಲೇ ನಾಲ್ಕು ದಿನ ಕಳೆದಿದ್ದೆ.

ಶನಿವಾರ ನಾಲ್ಕೂವರೆಗೆ ಖಾಲಿ ಫಾರ್ಮ್ ಮೇಜಿನ ಮೇಲಿಟ್ಟು ಬಂದೆ. ಆಫೀಸಿನ ಹುಡುಗಿ ಏನೂ ಕೇಳಲಿಲ್ಲ. ಅವ್ವ ಮಾತ್ರ, "ಇವತ್ತ ಯಾಕ ಲಗೂನ ಬಂದಿ?" ಅಂದಳು. ಅವಳಿಗೆ ಹೇಳಲಿಲ್ಲ.

ದೋಸ್ತ ಹೋಗಿ ಈಗ ಎರಡು ತಿಂಗಳು. ಮೊನ್ನೆ ಸರಿಯಾಗಿ ಊಟದ ಹೊತ್ತಿಗೆ ಅವನ ಫೋನ್. "ಕ್ಯಾಂಟೀನ್‌ನಾಗ ಇವತ್ತ ಏನ್ ಮಾಡ್ಯಾರ?"

"ಮಟಕಿ ಉಸಳ್."

"ಥೂ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಇವತ್ತೂ ಉಪ್ಪು ಜಾಸ್ತಿ ಆಗೇದೇನು?"