ಬಟ್ಟಲು ಖಾಲಿ ಕಳಿಸಬೇಡ
ಬೆಳಿಗ್ಗೆ ಕರಿಬೇವಿಗೆಂದು ಪಕ್ಕದ ಮನೆಯ ತೆಲುಗು ಅಜ್ಜಿಯ ಬಾಗಿಲು ತಟ್ಟಿದೆ. ಕರಿಬೇವಿನ ಜೊತೆ ಒಂದು ಬಟ್ಟಲು ಗೋಂಗೂರ ಚಟ್ನಿಯನ್ನೂ ಕೈಗಿಟ್ಟು, ‘ಬಟ್ಟಲು ಖಾಲಿ ಕಳಿಸಬೇಡ ಮತ್ತೆ’ ಎಂದರು. ಗೋಂಗೂರ ಎಂದರೆ ನಮ್ಮ ಪುಂಡಿಸೊಪ್ಪೇ. ನಾವು ಜೋಳದ ನುಚ್ಚು ಹಾಕಿ ಕುದಿಸಿ ಪಲ್ಯ ಮಾಡುತ್ತೇವೆ, ಅವರು ಎಣ್ಣೆಯಲ್ಲಿ ಬಾಡಿಸಿ ಮೆಣಸಿನಕಾಯಿಯೊಂದಿಗೆ ಅರೆಯುತ್ತಾರೆ. ಹುಳಿ ಮಾತ್ರ ಒಂದೇ.

ಹುಬ್ಬಳ್ಳಿಯ ಕೇಶ್ವಾಪುರವೇ ಹೀಗೆ. 1880ರ ದಶಕದಲ್ಲಿ ಊರಿಗೆ ರೈಲು ಬಂತು, ಕಾರ್ಖಾನೆ ಬಂತು, ಅದರ ಬೆನ್ನಿಗೇ ತೆಲುಗರು, ತಮಿಳರು, ಮರಾಠಿಗರು ಬಂದರು. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಊರಿನದಾಯಿತು. ಈಗ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಎಂದು ಹೆಮ್ಮೆಪಡುತ್ತೇವೆ (ಟ್ರಂಕು ಹೊತ್ತು ನಡೆದವರನ್ನು ಕೇಳಿ!). ನಮ್ಮ ಚಾಳಿನಲ್ಲಿ ರವಿವಾರ ಚರ್ಚಿನ ಗಂಟೆ, ಮಿರ್ಚಿ ಕರಿಯುವ ಸದ್ದು, ಯಾರದೋ ಮನೆಯ ತಮಿಳು ಧಾರಾವಾಹಿ ಒಟ್ಟಿಗೇ ಕೇಳುತ್ತವೆ. ನೀರು ಬಂದ ದಿನ ಕೊಡಕ್ಕಾಗಿ ಜಗಳವಾಡುವುದು ಮಾತ್ರ ಎಲ್ಲರೂ ಕನ್ನಡದಲ್ಲಿಯೇ, ಅದೂ ಅಚ್ಚ ಹುಬ್ಬಳ್ಳಿಯ ಕನ್ನಡದಲ್ಲಿ.

ಈಗ ಬಟ್ಟಲಿಗೆ ಏನು ತುಂಬಲಿ? ಶೇಂಗಾ ಹಿಂಡಿ ಕೊಡೋಣವೆಂದರೆ, ಹೋದ ಸಲ ‘ಖಾರವೇ ಇಲ್ಲವಲ್ಲ’ ಎಂದು ಅಜ್ಜಿ ಮುಖ ಸಿಂಡರಿಸಿದ್ದರು. ಬ್ಯಾಡಗಿಯ ನೆರೆಯವರಾದ ನಮಗೆ ಈ ಮಾತೇ!