ಸಣ್ಣ ಮಿಂಚುಳ್ಳಿಗೆ 1500 ಕೊಟ್ಟು ಮೋಸ ಹೋದೆ, ನೀವು ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣದ ಕಡೆ ಮಿಂಚುಳ್ಳಿ ಹಕ್ಕಿ ಫೋಟೋ ಗ್ಯಾರಂಟಿ ಅಂತ ಯಾರಾದರೂ ಫೋನಿನಲ್ಲಿ ಮುಂಗಡ ಕೇಳಿದರೆ ಕೊಡಬೇಡಿ. ನಾನು 1500 ರೂಪಾಯಿ ಕೊಟ್ಟೆ. ನನ್ನ ಭಾಮೈದ ಹೊಸ ಕ್ಯಾಮೆರಾ ತಗೊಂಡಿದ್ದ, ಅವನಿಗೆ ಸಣ್ಣ ಮಿಂಚುಳ್ಳಿಯೇ ಬೇಕಿತ್ತು, ಭಾವ ಅನ್ನಿಸಿಕೊಂಡ ಮೇಲೆ ನಾನು ಇಲ್ಲ ಅನ್ನೋಕಾಗುತ್ತಾ?

ಬೆಳಿಗ್ಗೆ ಆರಕ್ಕೆ ಒಂದು ಕಬ್ಬಿನ ಗದ್ದೆ ಪಕ್ಕ ಹಸಿರು ಬಟ್ಟೆ ಕಟ್ಟಿದ ಗುಡಾರದಲ್ಲಿ ಕೂರಿಸಿದರು. ಮುಂದೆ ಒಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಹತ್ತಿಪ್ಪತ್ತು ಜೀವಂತ ಮೀನು, ಪಕ್ಕದಲ್ಲಿ ನೆಟ್ಟ ಒಂದು ಕೋಲು. ಹಕ್ಕಿ ಬಂದು ಕೋಲಿನ ಮೇಲೆ ಕೂತು ಟಬ್ಬಿಗೆ ಹಾರುತ್ತಂತೆ. ಎರಡೂವರೆ ಗಂಟೆ ಸೊಳ್ಳೆ ಕಚ್ಚಿಸಿಕೊಂಡೆವು. ಕೊನೆಗೆ ಆ ಮನುಷ್ಯ ಕರೆಂಟ್ ತಂತಿ ಕಡೆ ಕೈ ತೋರಿಸಿ 'ನೋಡಿ ಸಾರ್, ಬಂತು' ಅಂದ. ನೋಡಿದರೆ ಗದ್ದೆ ಮಿಂಚುಳ್ಳಿ! ಕಂದು ತಲೆ, ಬಿಳಿ ಎದೆ, ದಪ್ಪ ಕೆಂಪು ಕೊಕ್ಕು. 'ಭಾವ, ಇದು ನಮ್ಮ ಆಫೀಸ್ ಹಿಂದಿನ ಮೋರಿ ಹತ್ತಿರಾನೂ ಕೂರುತ್ತೆ' ಅಂದ ನನ್ನ ಭಾಮೈದ. ನಿಜ, ಅದಕ್ಕೆ ನೀರೇ ಬೇಕು ಅಂತಿಲ್ಲ, ಮಿಡತೆ, ಹಲ್ಲಿ ಏನು ಸಿಕ್ಕಿದರೂ ತಿನ್ನುತ್ತೆ. ಸಣ್ಣ ಮಿಂಚುಳ್ಳಿ ಬೇರೆ. ಕೊಕ್ಕೂ ಸೇರಿ 16 ಸೆಂಟಿಮೀಟರ್ ಅಷ್ಟೆ, ಗುಬ್ಬಚ್ಚಿಗಿಂತ ಒಂಚೂರು ಉದ್ದ. ಹೊಟ್ಟೆ ಕಿತ್ತಳೆ, ಬೆನ್ನು ನೀಲಿ. ಗಂಡಿಗೆ ಕೊಕ್ಕು ಪೂರ್ತಿ ಕಪ್ಪು, ಹೆಣ್ಣಿಗೆ ಕೆಳಗಿನ ಅರ್ಧ ಕೆಂಪು. ಇಷ್ಟು ಗೊತ್ತಿದ್ದರೆ ನಿಮ್ಮನ್ನು ಯಾರೂ ಏಮಾರಿಸೋಕಾಗಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ 'ಮಿಂಚುಳ್ಳಿ ಬಂತಲ್ಲ ಸಾರ್' ಅನ್ನೋ ಉತ್ತರ.

ಮಧ್ಯಾಹ್ನ ರಂಗನತಿಟ್ಟು ದೋಣಿ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯಿತು ಅನ್ನೋದೂ ನಿಮಗೆ ಗೊತ್ತಿರುತ್ತೆ. ಕೊಕ್ಕರೆಗೆ, ಮೊಸಳೆಗೆ ಹೋಗಿ, ಚೆನ್ನಾಗಿದೆ. ಸಣ್ಣ ಮಿಂಚುಳ್ಳಿಗೆ ಅಂತ ಹೋಗಬೇಡಿ. ಅದು ದಡದ ನೆರಳಿನಲ್ಲಿ, ನೀರಿಗೆ ಬಾಗಿದ ಕೊಂಬೆ ಮೇಲೆ ಕೂರೋ ಹಕ್ಕಿ, ದೋಣಿ ಹತ್ತಿರ ಬರುವಷ್ಟರಲ್ಲಿ ಹಾರಿರುತ್ತೆ. ನಮಗೆ ಕಂಡಿದ್ದು ಒಂದು ನೀಲಿ ಗೆರೆ. ಭಾನುವಾರ ಬೇರೆ, ದೋಣಿ ತುಂಬ ಸೆಲ್ಫಿ, ಕಿರುಚಾಟ. ನನಗೆ ಜನಜಂಗುಳಿ ಆಗಲ್ಲ, ನಿಮಗೆ ಆಗುತ್ತೆ ಅಂದರೆ ಈ ಮಾತು ಬಿಡಿ. ರಾತ್ರಿ ಉಳಿದ ರೂಮು 2200, ಬಿಸಿನೀರಿಲ್ಲ, ಅದರ ಬಗ್ಗೆ ಇಷ್ಟೇ ಸಾಕು.

ಈಗ ಊಟದ ವಿಷಯಕ್ಕೆ ಬರುತ್ತೇನೆ. ಆ ಗುಡಾರದಿಂದ ಹೊರಟು ಪಾಲಹಳ್ಳಿ ಕಡೆ ನಡೆಯುವಾಗ ಒಂದು ತಗಡಿನ ಚಪ್ಪರ ಸಿಕ್ಕಿತ್ತು. ಬೋರ್ಡಿಲ್ಲ, ನಾಲ್ಕು ಬೆಂಚು. ಮುದ್ದೆ, ಉಪ್ಸಾರು, ಅದರ ಮೇಲೆ ಅರೆದ ಖಾರ, ಬೇಯಿಸಿದ ಸೊಪ್ಪು ಕಾಳು ಒಂದು ಕಡೆ, ಕೊನೆಗೆ ಅನ್ನ, ಮಜ್ಜಿಗೆ. 50 ರೂಪಾಯಿ. ಖಾರದಲ್ಲಿ ಬೆಳ್ಳುಳ್ಳಿ ಮುಂದೆ ನಿಂತಿತ್ತು, ಹುಣಸೆ ಹಿಂದೆ. ಉಪ್ಸಾರಿಗೆ ಬೇಳೆ ಕೂಡ ಕಡಿಮೆ ಹಾಕಿರಲಿಲ್ಲ. ನಮ್ಮ ಭಾಮೈದ ಬೆಂಗಳೂರಿನಲ್ಲಿ ಬೆಳೆದವನು, ಮುದ್ದೆ ಅಗಿಯೋಕೆ ಶುರು ಮಾಡಿದ. ಬಡಿಸುತ್ತಿದ್ದ ಅಮ್ಮ ನಕ್ಕುಬಿಟ್ಟರು. 'ಅಗೀಬ್ಯಾಡ ಕಣಪ್ಪ, ಸಾರಲ್ಲಿ ಅದ್ದಿ ನುಂಗು.' ನಮ್ಮ ಮೋಸದ ಕಥೆ ಕೇಳಿ ಇನ್ನೂ ನಕ್ಕರು. 'ಅದಾ? ದಿನಾ ಬತ್ತದೆ, ನಾಲೆ ತೂಬಿನತ್ರ. ಬೆಳಿಗ್ಗೆ ಹೋಗಿ ಸುಮ್ನೆ ಕುಂತ್ಕೊಳ್ಳಿ.'

ಮರುದಿನ ಹೋಗಿ ಸುಮ್ನೆ ಕೂತೆವು. ನಾಲೆಗೆ ನೀರು ನಿಲ್ಲಿಸಿದ್ದರು, ತೂಬಿನ, ಅಂದರೆ ನೀರು ಬಿಡೋ ಕಂಡಿಯ ಕೆಳಗೆ ಗುಂಡಿಯಲ್ಲಿ ಮಾತ್ರ ತಿಳಿನೀರು ನಿಂತಿತ್ತು. ನೀವೂ ಇಂಥ ಜಾಗವನ್ನೇ ಹುಡುಕಿ. ನೀರು ರಾಡಿಯಾಗಿದ್ದರೆ ಮೇಲಿಂದ ಅದಕ್ಕೆ ಮೀನು ಕಾಣಲ್ಲ. ಏಳು ಗಂಟೆಗೆ ಚೀ ಅಂತ ಒಂದು ಚೂಪು ಸೀಟಿ. ಕಣ್ಣಿಗಿಂತ ಮೊದಲು ಕಿವಿಗೆ ಸಿಗೋ ಹಕ್ಕಿ ಇದು, ಆದ್ದರಿಂದ ಹಾಡು ಗೀಡು ಹಾಕಿಕೊಂಡು ಕೂರಬೇಡಿ. ಪಂಪ್‌ಸೆಟ್ ಪೈಪಿನ ಮೇಲೆ ಬಂದು ಕೂತಿತು. ನೆರಳಿನಲ್ಲಿ ಮಂಕಾಗಿತ್ತು, ತಿರುಗಿದ್ದೇ ತಡ ಬೆನ್ನು ಹೊತ್ತಿಕೊಂಡ ಹಾಗೆ ಮಿಂಚಿತು. ಆ ನೀಲಿ ಗರಿಗೆ ಹಚ್ಚಿದ ಬಣ್ಣ ಅಲ್ಲ, ಗರಿಯೊಳಗಿನ ಸೂಕ್ಷ್ಮ ರಚನೆಗೆ ಬೆಳಕು ಬಿದ್ದು ಹಾಗೆ ಕಾಣೋದು. ಅದಕ್ಕೇ ಫೋಟೋ ಬೇಕಿದ್ದರೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ.

ತಲೆ ಎರಡು ಸಲ ಆಡಿಸಿತು, ಬಿತ್ತು, ಎದ್ದಿತು, ಬಾಯಲ್ಲಿ ಬೆರಳುದ್ದದ ಮೀನು. ಪೈಪಿಗೆ ಪಟಪಟ ಬಡಿದು, ತಿರುಗಿಸಿಕೊಂಡು, ತಲೆ ಕಡೆಯಿಂದ ಗುಳುಂ. ಬಾಲದಿಂದ ನುಂಗಿದರೆ ಮೀನಿನ ಈಜುರೆಕ್ಕೆ, ಹುರುಪೆ ಗಂಟಲಿಗೆ ಚುಚ್ಚುತ್ತೆ. 'ಇದಕ್ಕೆ ಮುದ್ದೆ ನುಂಗೋದು ಯಾರೂ ಹೇಳಿಕೊಡಬೇಕಿಲ್ಲ' ಅಂದೆ. ಭಾಮೈದ ಮುಖ ಊದಿಸಿಕೊಂಡ. ಮೂಳೆ ಅರಗಲ್ಲ, ಆಮೇಲೆ ಉಂಡೆ ಕಟ್ಟಿ ಕಕ್ಕುತ್ತೆ.

ಎರಡನೇ ಮೀನಿನ ತಲೆ ಮಾತ್ರ ಹೊರಗೆ ಮುಖ ಮಾಡಿತ್ತು. ಹಾಗೆ ಹಿಡಿದಿದ್ದರೆ ಅದು ತನಗಲ್ಲ, ಜೋಡಿಗೋ ಮರಿಗೋ. ನೆಟ್ಟಗೆ ಹಾರಿ ಎದುರು ದಡದ ಮಣ್ಣಿನ ಬಿಲಕ್ಕೆ ನುಗ್ಗಿತು. ಬಿಲದ ಬಾಯಿ ಕೆಳಗೆ ಸುಣ್ಣ ಬಳಿದ ಹಾಗೆ ಹಿಕ್ಕೆ ಇಳಿದಿರುತ್ತೆ, ಅದೇ ಗುರುತು. ಒಳಗೆ ಎರಡು ಮೂರು ಅಡಿ ಸುರಂಗ, ಕೊನೆಯಲ್ಲಿ ಮೀನಿನ ಮೂಳೆ ಹಾಸಿಗೆ ಮೇಲೆ ಮರಿಗಳು. ಅಂಥ ಬಿಲ ಕಂಡರೆ ದಯವಿಟ್ಟು ದೂರ ಕೂರಿ, ನೀವು ಹತ್ತಿರ ಇದ್ದಷ್ಟು ಹೊತ್ತು ತಾಯಿ ಒಳಗೆ ಹೋಗಲ್ಲ. ಭಾಮೈದ ಇನ್ನೊಂಚೂರು ಮುಂದೆ ಅಂದ, ಶರ್ಟು ಹಿಡಿದು ಎಳೆದೆ. ಅವನ ಫೋಟೋ ಎಲ್ಲ ಅಲುಗಾಡಿವೆ, ಅದಕ್ಕೆ ಇವತ್ತಿಗೂ ನನ್ನನ್ನೇ ಬೈಯುತ್ತಾನೆ.

ಆ ಚಪ್ಪರದಲ್ಲಿ ಎರಡು ಗಂಟೆ ಮೇಲೆ ಮುದ್ದೆ ಸಿಗಲ್ಲ, ಬೇಗ ಹೋಗಿ. ಚಿಲ್ಲರೆ ಇಟ್ಟುಕೊಳ್ಳಿ.